ಮಿಕ್ಸಿ ಮೇಲೆ ಅರಿಶಿನ, ಕೆಟಲ್ ಒಳಗೆ ಬಿಳಿ ಪೊರೆ: ಏನು ಮಾಡ್ತೀರಿ?

ಬೆಂಗಳೂರಿನಿಂದ:
ಬಿಳಿ ಮಿಕ್ಸಿಯ ಮೈಮೇಲೆ, ಜಾರಿನ ಮುಚ್ಚಳದ ಮೇಲೆ ಅರಿಶಿನದ ಕಲೆ ಕೂತುಬಿಟ್ಟಿದೆ. ನಮ್ಮದು ಬೋರ್‌ವೆಲ್ ನೀರು, ಹಾಗಾಗಿ ಎಲೆಕ್ಟ್ರಿಕ್ ಕೆಟಲ್ ಒಳಗೂ ಬಿಳಿ ಪೊರೆ. ಪಾತ್ರೆ ಸೋಪು, ಅಡುಗೆ ಸೋಡಾ ಎಲ್ಲಾ ಹಾಕಿ ಉಜ್ಜಿದ್ದಾಯ್ತು. ಗೊತ್ತಿದ್ದವರು ಸ್ವಲ್ಪ ಹೇಳಿ.

ಶಿರಸಿಯಿಂದ:
ಅರಿಶಿನಕ್ಕೆ ಮೊದಲು ಎಣ್ಣೆ, ಆಮೇಲೆ ಸೋಪು. ಅದರ ಬಣ್ಣ ನೀರಿಗೆ ಬಿಡುವುದಿಲ್ಲ, ಎಣ್ಣೆಗೆ ಬಿಡುತ್ತದೆ. ಪ್ಲಗ್ ತೆಗೆದು, ಹತ್ತಿಗೆ ಕೊಬ್ಬರಿ ಎಣ್ಣೆ ಹಚ್ಚಿ ಕಲೆಯ ಮೇಲೆ ಮೆಲ್ಲಗೆ ತಿಕ್ಕಿ. ಹತ್ತಿ ಹಳದಿಯಾಗುತ್ತಾ ಬರುತ್ತದೆ. ಆಮೇಲೆ ಸೋಪು ನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯಲ್ಲಿ ಒರೆಸಿ. ಸೋಪು, ಸೋಡಾ ತಾಗಿ ಕಲೆ ಕೆಂಪಗಾದರೆ ಗಾಬರಿ ಬೇಡ. ಅರಿಶಿನದ ನೀರಿಗೆ ಸುಣ್ಣ ಹಾಕಿ ಓಕುಳಿ ಮಾಡ್ತೀವಲ್ಲ, ಇದೂ ಅದೇ. ನಿಂಬೆರಸ ಸವರಿದರೆ ಮತ್ತೆ ಹಳದಿಗೆ ಬರುತ್ತದೆ.

ಉಳಿದದ್ದನ್ನು ಬಿಸಿಲು ತೆಗೆಯುತ್ತದೆ. ಮುಚ್ಚಳವನ್ನು ತೊಳೆದು ಒದ್ದೆ ಇರುವಾಗಲೇ ಮಹಡಿ ಮೇಲಿಡಿ. (ಮಳೆಗಾಲದಲ್ಲಿ ನಮಗೆ ಆ ಭಾಗ್ಯ ಇಲ್ಲ ಬಿಡಿ.) ಮಿಕ್ಸಿಯ ಮೈಯನ್ನು ಮಾತ್ರ ದಿನಗಟ್ಟಲೆ ಬಿಸಿಲಿಗೆ ಒಡ್ಡಬೇಡಿ, ಬಿಳಿ ಪ್ಲಾಸ್ಟಿಕ್ಕೇ ಹಳದಿಯಾಗುತ್ತದೆ. ಆ ಹಳದಿ ಯಾವ ಎಣ್ಣೆಗೂ ಜಗ್ಗುವುದಿಲ್ಲ.

ಕೋಲಾರದಿಂದ:
ಕೆಟಲ್ ವಿಷಯ ನನ್ನನ್ನು ಕೇಳಿ, ನಮ್ಮೂರ ನೀರು ಹಾಗಿದೆ. ಆ ಪೊರೆ ಸುಣ್ಣದ್ದೇ ಜಾತಿ. ಸೋಪಿಗೂ ಹೋಗಲ್ಲ, ಸೋಡಾಕ್ಕೂ ಹೋಗಲ್ಲ, ಹುಳಿಯೇ ಬೇಕು. ದಿನಸಿ ಅಂಗಡಿಯಲ್ಲಿ ನಿಂಬೆ ಉಪ್ಪು ಸಿಗುತ್ತದೆ, ಸಿಟ್ರಿಕ್ ಆಸಿಡ್ ಅಂದರೂ ಅದೇ. ಅರ್ಧ ಕೆಟಲ್ ತಣ್ಣೀರಿಗೆ 1 ಚಿಕ್ಕ ಚಮಚ ಹಾಕಿ ಕುದಿಸಿ, ಅರ್ಧ ಗಂಟೆ ಹಾಗೇ ಬಿಡಿ. ಪೊರೆಯಿಂದ ಸಣ್ಣ ಸಣ್ಣ ಗುಳ್ಳೆ ಏಳುತ್ತವೆ, ಚಕ್ಕೆ ಬಿಟ್ಟುಕೊಂಡು ತೇಲುತ್ತದೆ. ಚೆಲ್ಲಿ, ಬರೀ ನೀರು ಒಮ್ಮೆ ಕುದಿಸಿ ಅದನ್ನೂ ಚೆಲ್ಲಿ. ದಪ್ಪ ಪೊರೆ ಇದ್ದರೆ ಇನ್ನೊಂದು ಸಲ ಮಾಡಿ. ವಿನೆಗರ್ ಕೂಡ ಆಗುತ್ತದೆ, ಆದರೆ ವಾಸನೆ ಬೇಗ ಬಿಡುವುದಿಲ್ಲ.

ವಿಡಿಯೋಗಳಲ್ಲಿ ವಿನೆಗರ್‌ಗೆ ಸೋಡಾ ಬೆರೆಸಿ ನೊರೆ ಬರಿಸುತ್ತಾರಲ್ಲ, ಅದು ಸುಮ್ನೆ ಜೋರು. ಹುಳಿಯನ್ನು ಸೋಡಾ, ಸೋಡಾವನ್ನು ಹುಳಿ ತಿಂದುಹಾಕುತ್ತದೆ. ಬೇರೆ ಬೇರೆಯಾಗಿ ಬಳಸಿ: ಪೊರೆಗೆ ಹುಳಿ, ಜಿಡ್ಡಿಗೆ ಸೋಡಾ. ಅಲ್ಯೂಮಿನಿಯಂಗೆ ಮಾತ್ರ ಸೋಡಾ ಬೇಡ, ಕಪ್ಪಾಗುತ್ತದೆ.

ಮೈಸೂರಿನಿಂದ:
ಒಂದು ಮಾತು ಸೇರಿಸ್ತೀನಿ. ಫ್ರಿಜ್ ಬಾಗಿಲ ರಬ್ಬರಿನ ಕಪ್ಪು ಬೂಷ್ಟಿಗೆ ಬ್ಲೀಚ್ ಹಚ್ಚುವವರು ಅದರ ಹತ್ತಿರ ನಿಂಬೆ ಉಪ್ಪು, ವಿನೆಗರ್ ತರಲೇಬೇಡಿ. ಬ್ಲೀಚ್‌ಗೆ ಇವುಗಳಲ್ಲಿ ಯಾವುದು ಸೇರಿದರೂ ಕ್ಲೋರಿನ್ ಗ್ಯಾಸ್ ಬರುತ್ತದೆ, ಉಸಿರಿಗೆ ಅಪಾಯ. ನಾನು ಸೋಪು ನೀರು, ಹಳೆ ಟೂತ್ ಬ್ರಶ್‌ನಲ್ಲೇ ಮುಗಿಸ್ತೀನಿ. ಮಡಿಕೆ ಬಿಡಿಸಿ ಒಳಗಿನ ಸಂದಿ ಉಜ್ಜಿ, ಒಣ ಬಟ್ಟೆಯಲ್ಲಿ ಒರೆಸಬೇಕು. ತೇವ ಉಳಿದರೆ ಮತ್ತೆ ಬರುತ್ತದೆ.

ಬೆಂಗಳೂರಿನಿಂದ:
ಎಲ್ಲರಿಗೂ ಥ್ಯಾಂಕ್ಸ್. ಮುಚ್ಚಳಕ್ಕೆ ಎಣ್ಣೆ ಹಚ್ಚಿ ಬಿಸಿಲಿಗಿಟ್ಟಿದ್ದೀನಿ. ನಿಂಬೆ ಉಪ್ಪು ತರೋಕೆ ಹೊರಟೆ.