ಹಳೇ ಅನಲಾಗ್ ಮೊಬೈಲಿಗೆ ನೆಟ್‌ವರ್ಕ್ ಯಾವುದು ಅಂತ ಹೇಗೆ ಗೊತ್ತಾಗುತ್ತಿತ್ತು?

ಕೆರೆದಂಡೆ, ಹಾಸನ:
ತೊಂಬತ್ತರ ದಶಕದಲ್ಲಿ ದೊಡ್ಡಪ್ಪ ಅಮೆರಿಕದಿಂದ ತಂದಿದ್ದ ಮೋಟೊರೋಲಾ ಫೋನು ಅಟ್ಟದಲ್ಲಿ ಸಿಕ್ಕಿತು. ಇಟ್ಟಿಗೆಯಷ್ಟು ಭಾರ. ಬ್ಯಾಟರಿ ಸತ್ತಿದೆ, ಹೊರಗಿಂದ ಕರೆಂಟ್ ಕೊಟ್ಟರೆ ‘ನೋ ಸರ್ವಿಸ್’ ಅಂತ ತೋರಿಸಿ ಸುಮ್ಮನಾಗುತ್ತದೆ. ಅಲ್ಲಿ ಬೇರೆ ಊರಿಗೆ ಹೋದರೆ ‘ರೋಮ್’ ಅಂತ ಬರುತ್ತಿತ್ತಂತೆ. ಸಿಮ್ಮೇ ಇಲ್ಲದ ಫೋನಿಗೆ ಅದು ಹೇಗೆ ತಿಳಿಯುತ್ತಿತ್ತು? ಕರೆ ನಡೆಯುವಾಗ 6000 ಹರ್ಟ್ಸ್ ಸುತ್ತ ಒಂದು ಟೋನ್ ಇರುತ್ತಿತ್ತು ಅಂತ ಓದಿದೆ, ಅದೇ ಕಂಪನಿಯ ಗುರುತಾ? ಟವರು ಫೋನುಗಳಿಗೆ ಸೂಚನೆ ಕಳಿಸುವ ಕಂಟ್ರೋಲ್ ಚಾನೆಲ್‌ನ ಹಳೇ ರೆಕಾರ್ಡಿಂಗ್ ಒಂದು ಸಿಕ್ಕಿದೆ, ಎಂಪಿ3. ಬರೀ ಗರ್ರ್ ಅನ್ನುತ್ತೆ.

ಹಳೇ_ವಾಲ್ವು:
ಆ ಟೋನ್ ಅಲ್ಲ ಗುರು. ಅದು ಸ್ಯಾಟ್, ಅಂದರೆ ಕರೆಯ ಮೇಲೆ ನಿಗಾ ಇಡುವ ಟೋನ್. 5970, 6000, 6030 ಅಂತ ಮೂರೇ ಮೂರು ಇದ್ದವು, ಮೂರರಲ್ಲಿ ಕಂಪನಿ ಗುರುತು ಎಲ್ಲಿ ಹಿಡಿಸುತ್ತೆ? ಟವರ್ ಕಳಿಸಿದ್ದನ್ನು ಫೋನು ವಾಪಸ್ ಕಳಿಸಬೇಕು, ಅದೇ ಟೋನ್ ವಾಪಸ್ ಬಂದರೆ ತನ್ನದೇ ಫೋನು, ಅದೇ ಫ್ರೀಕ್ವೆನ್ಸಿಯಲ್ಲಿರುವ ದೂರದ ಇನ್ನೊಂದು ಟವರಿನದ್ದಲ್ಲ ಅಂತ ಟವರಿಗೆ ಖಾತ್ರಿ.

ನಿಜವಾದ ಗುರುತು ಎಸ್‌ಐಡಿ (ಸಿಸ್ಟಂ ಐಡಿ), 15 ಬಿಟ್‌ನ ನಂಬರು. ಆನ್ ಮಾಡಿದ ತಕ್ಷಣ ಫೋನು 21 ಕಂಟ್ರೋಲ್ ಚಾನೆಲ್ ತಡಕಿ ಜೋರಾಗಿ ಕೇಳುವುದನ್ನು ಹಿಡಿಯುತ್ತದೆ. ಅಲ್ಲಿ ಒಂದೊಂದು ಊರಿಗೆ ಎ, ಬಿ ಅಂತ ಎರಡು ಕಂಪನಿ: ಎ ಕಂಪನಿಗೆ 313ರಿಂದ 333, ಬಿ ಕಂಪನಿಗೆ 334ರಿಂದ 354. ಅಲ್ಲಿ ಬಂದ ಎಸ್‌ಐಡಿಯನ್ನು, ಅಂಗಡಿಯವರು ಫೋನಿನೊಳಗೆ ಬರೆದುಕೊಟ್ಟ ಊರಿನ ಎಸ್‌ಐಡಿ ಜೊತೆ ಹೋಲಿಸುತ್ತದೆ. ತಾಳೆ ಆಗಲಿಲ್ಲವೋ, ‘ರೋಮ್’. ಹೆಸರು ಗಿಸರು ಏನೂ ಬರಲ್ಲ, ಬರೀ ನಂಬರು.

ಎಂಪಿ3 ಬಿಡಿ, ಬಿಟ್ಟುಗಳ ಅಂಚನ್ನೆಲ್ಲ ಅದು ತಿಂದುಹಾಕುತ್ತೆ. ಅದರ ವೇವ್ ಫೈಲ್ (ಕುಗ್ಗಿಸದ ರೆಕಾರ್ಡಿಂಗ್) ಇದ್ದರೆ ಹುಡುಕಿ. ಸೆಕೆಂಡಿಗೆ 10,000 ಬಿಟ್, ಮ್ಯಾಂಚೆಸ್ಟರ್ ಕೋಡು, ಅಂದರೆ ಪ್ರತಿ ಬಿಟ್ಟಿನ ನಡುವೆ ಸಿಗ್ನಲ್ ಏರುತ್ತೆ ಇಲ್ಲವೇ ಇಳಿಯುತ್ತೆ. ಮೊದಲು 1010101010, ಆಮೇಲೆ 11100010010 ಬಂದರೆ ಅಲ್ಲಿಂದ ಶುರು. ಪ್ರತಿ 10 ಬಿಟ್ಟಿಗೊಂದು, ಚಾನೆಲ್ ಬಿಡುವಾಗಿದೆಯೋ ಇಲ್ಲವೋ ಹೇಳುವ ಬ್ಯುಸಿ-ಐಡಲ್ ಬಿಟ್ ತೂರಿಸಿರುತ್ತಾರೆ, ಅದನ್ನು ಕಿತ್ತುಹಾಕಿ (ನಾನು ಇದನ್ನು ಮರೆತು ಎರಡು ಭಾನುವಾರ ಹಾಳು ಮಾಡಿಕೊಂಡೆ). ಉಳಿದದ್ದು 40 ಬಿಟ್‌ನ ಪದಗಳು, ಎ ಒಂದು ಬಿ ಒಂದು ಅಂತ ಐದೈದು ಸಲ (ಇದು ಪದಗಳ ಎ-ಬಿ, ಕಂಪನಿಗಳದ್ದಲ್ಲ). 28 ಮಾಹಿತಿ, 12 ತಪ್ಪು ಹಿಡಿಯಲಿಕ್ಕೆ.

ಕಾಫಿಗಿಡ, ಚಿಕ್ಕಮಗಳೂರು:
ಹಾಸನದಲ್ಲಿ ಆ ಫೋನಿಗೆ ಯಾವತ್ತೂ ಸಿಗ್ನಲ್ ಸಿಕ್ಕಿರಲಿಕ್ಕಿಲ್ಲ ಬಿಡಿ. ನಮ್ಮ ದೇಶದಲ್ಲಿ 1995ರಲ್ಲಿ ಮೊಬೈಲ್ ಬಂದಿದ್ದೇ ಜಿಎಸ್‌ಎಂ ಆಗಿ, ಅಂದರೆ ಡಿಜಿಟಲ್ಲಾಗಿ. ಅಮೆರಿಕದಲ್ಲೂ 2008ರ ಫೆಬ್ರವರಿ 18ರ ನಂತರ ಅನಲಾಗ್ ನಡೆಸಲೇಬೇಕು ಅನ್ನುವ ನಿಯಮ ತೆಗೆದರು, ದೊಡ್ಡ ಕಂಪನಿಗಳು ಮುಚ್ಚಿಬಿಟ್ಟವು. ನಮಗೆ ಗೊತ್ತಿರುವ ಗುರುತು ಅಂದರೆ ನೋಕಿಯಾದಲ್ಲಿ ಸೆಲ್ ಇನ್ಫೋ, ಚಾನೆಲ್ 50 ಹಾಕಿದರೆ ಟವರ್ ಇರೋ ಊರಿನ ಹೆಸರೇ ಬರುತ್ತಿತ್ತು, ಅಲ್ವಾ? ಘಾಟಿ ಬಸ್ಸಲ್ಲಿ ಕಿಟಕಿ ಮಂಜಾದರೂ ಎಲ್ಲಿದ್ದೀವಿ ಅಂತ ಫೋನ್ ನೋಡಿ ಹೇಳುತ್ತಿದ್ದೆವು.

ಕೆರೆದಂಡೆ:
ವೇವ್ ಸಿಕ್ತು ಸರ್! ಐದೂ ಪ್ರತಿ ಒಂದೇ ಥರ ಬಂತು. ಮೊದಲ 4 ಬಿಟ್ ಬಿಟ್ಟು ಮುಂದಿನದ್ದು ಓದಿದರೆ 12 ಬರುತ್ತೆ. ಆದರೆ ಅಲ್ಲಿ ಇರೋದೇ 14 ಬಿಟ್, ನೀವು 15 ಅಂದಿರಿ?

ಹಳೇ_ವಾಲ್ವು:
ಕೊನೇ ಬಿಟ್ ಗಾಳಿಯಲ್ಲಿ ಕಳಿಸುವುದೇ ಇಲ್ಲ. ಎ ಕಂಪನಿಗೆ ಬೆಸ, ಬಿ ಕಂಪನಿಗೆ ಸಮ ಸಂಖ್ಯೆ ಅಂತ ಮೊದಲೇ ನಿಗದಿ, ಹಾಗಾಗಿ ಫೋನೇ ಸೇರಿಸಿಕೊಳ್ಳುತ್ತೆ. ರೆಕಾರ್ಡಿಂಗ್ ಫ್ರೀಕ್ವೆನ್ಸಿ ಎಷ್ಟು?

ಕೆರೆದಂಡೆ:
ಫೈಲಿನ ಹೆಸರಲ್ಲಿ 879.99 ಅಂತಿದೆ.

ಹಳೇ_ವಾಲ್ವು:
870ರ ಮೇಲೆ 0.03 ಮೆಗಾಹರ್ಟ್ಸ್‌ಗೊಂದು ಚಾನೆಲ್, ಅಂದರೆ ಇದು 333, ಎ ಕಂಪನಿ. ಕೊನೇ ಬಿಟ್ ಸೇರಿಸಿದರೆ 12ರ ಎರಡರಷ್ಟು, ಬೆಸ ಆಗಲಿಕ್ಕೆ ಜೊತೆಗೆ 1. ನಿಮ್ಮ ಎಸ್‌ಐಡಿ 25.