‘ಅನಿಮಲ್ ಮಾಡೆಲ್’ಗೆ ಪದ ಬೇಕು, ಇವತ್ತು ಸಂಜೆಯೊಳಗೆ

ಎಲ್ಲರಿಗೂ ನಮಸ್ಕಾರ. ವಸ್ತುಪ್ರದರ್ಶನಕ್ಕೆ ಫ್ಲೂ ಬಗ್ಗೆ ಒಂದು ಫಲಕ ಅನುವಾದ ಮಾಡುತ್ತಿದ್ದೇನೆ, ಸಂಜೆ ಅಚ್ಚಿಗೆ ಹೋಗಬೇಕು. ವೈರಸ್ ಹೇಗೆ ಹರಡುತ್ತದೆ ಅಂತ ತಿಳಿಯಲು ಫೆರೆಟ್, ಗಿನಿಪಿಗ್‌ಗಳನ್ನು ಅನಿಮಲ್ ಮಾಡೆಲ್ ಆಗಿ, ಅಂದರೆ ಮನುಷ್ಯರ ಬದಲಿಗೆ ಪ್ರಯೋಗಕ್ಕೆ, ಬಳಸುತ್ತಾರೆ ಅನ್ನುವುದು ವಾಕ್ಯ. ‘ಪ್ರಾಣಿ ಮಾದರಿ’ ಅಂತ ಬರೆದೆ, ಓದಿದವರು ‘ಮಣ್ಣಿನ ಗೊಂಬೆನಾ?’ ಅಂದರು. ಟ್ರಾನ್ಸ್‌ಮಿಷನ್‌ಗೆ ‘ಪ್ರಸರಣ’ ಅಂದರೆ ಪತ್ರಿಕೆಯ ಪ್ರಸರಣ ವಿಭಾಗ ನೆನಪಾಗುತ್ತದೆ. ಫೆರೆಟ್‌ಗೆ ಮುಂಗುಸಿ ನಡೆಯುತ್ತಾ?

ಉತ್ತರ:
ಮುಂಗುಸಿ ಧಾರಾಳವಾಗಿ ನಡೆಯುತ್ತದೆ. ‘ಪ್ರಾಣಿ ಮಾದರಿ’ ಬೇಡವೇ ಬೇಡ, ‘ಒರೆಮಿಗ’ ಎನ್ನಿ. ಒರೆ ಅಂದರೆ ಉಜ್ಜಿ ನೋಡುವುದು, ಮಿಗ ಅಂದರೆ ಪ್ರಾಣಿ. ಒರೆಗಲ್ಲು, ಒರೆಗೆ ಹಚ್ಚು, ಎಲ್ಲ ಬಳಕೆಯಲ್ಲಿವೆ. ಟ್ರಾನ್ಸ್‌ಮಿಷನ್‌ಗೆ ‘ಅಂಟುವಿಕೆ’. ‘ಸೋಂಕು’ ಅನ್ನಬೇಡಿ, ಸೋಂಕು ಅಂದರೆ ಮುಟ್ಟುವುದು, ಗಾಳಿಯಲ್ಲಿ ಬರುವ ರೋಗಕ್ಕೆ ಹೊಂದಲ್ಲ. ಗಿನಿಪಿಗ್ ‘ಗಿನಿಹಂದಿ’ ಆಗಲಿ. ನಮ್ಮದು ಇರುವಾಗ ಸಾಲ ಯಾಕೆ?

ಉತ್ತರ:
ಸಾಲದ ಮಾತು ಆಮೇಲೆ ಸರ್, ಮೊದಲು ಪ್ರಾಣಿ ಯಾವುದು ನೋಡೋಣ. ಫೆರೆಟ್ ಮುಂಗುಸಿ ಅಲ್ಲ. ಅದು ನಮ್ಮ ನೀರುನಾಯಿಯ ಕುಟುಂಬದ್ದು, ಮುಂಗುಸಿಯದು ಬೇರೆ ಕುಟುಂಬ. ಸುಮ್ನೆ ಯಾವುದೋ ಪ್ರಾಣಿ ಹಿಡಿದು ತಂದಿಲ್ಲ. ಮನುಷ್ಯರ ಫ್ಲೂ ವೈರಸ್ ಕಚ್ಚಿಕೊಳ್ಳುವ ಜಾಗ ನಮ್ಮ ಮೂಗು, ಗಂಟಲಲ್ಲಿ ಇರುವ ಹಾಗೇ ಫೆರೆಟ್‌ಗೂ ಇದೆ. ಅದಕ್ಕೆ ಜ್ವರ ಬರುತ್ತದೆ, ಮೂಗು ಸೋರುತ್ತದೆ, ಸೀನುತ್ತದೆ. ಪ್ರಯೋಗಾಲಯದ ಇಲಿಗೆ ಜ್ವರದ ಬದಲು ಮೈ ತಣ್ಣಗಾಗುತ್ತದೆ, ಒಂದರಿಂದ ಇನ್ನೊಂದಕ್ಕೆ ವೈರಸ್ ಸುಲಭವಾಗಿ ಹೋಗುವುದೂ ಇಲ್ಲ. 1933ರಲ್ಲಿ ಲಂಡನ್ನಿನ ಮಿಲ್ ಹಿಲ್‌ನಲ್ಲಿ ವಿಜ್ಞಾನಿಗಳಾದ ಸ್ಮಿತ್, ಆಂಡ್ರ್ಯೂಸ್, ಲೇಡ್‌ಲಾ ರೋಗಿಗಳು ಗಂಟಲು ಮುಕ್ಕಳಿಸಿದ ನೀರನ್ನು ಫೆರೆಟ್‌ಗಳ ಮೂಗಿಗೆ ಬಿಟ್ಟೇ ಮನುಷ್ಯರ ಫ್ಲೂ ವೈರಸ್ಸನ್ನು ಹಿಡಿದದ್ದು. ಆಮೇಲೆ ಅಲ್ಲೇ ಒಂದು ಫೆರೆಟ್ ಸಂಶೋಧಕ ಸ್ಟುವರ್ಟ್-ಹ್ಯಾರಿಸ್ ಅವರ ಮುಖಕ್ಕೇ ಸೀನಿ ಅವರಿಗೂ ಫ್ಲೂ ಬಂತು, 1936ರಲ್ಲಿ ಅದನ್ನು ಬರೆದು ಪ್ರಕಟಿಸಿದರು. ಇಷ್ಟು ಚರಿತ್ರೆ ಇರುವ ಪ್ರಾಣಿಯ ಹೆಸರನ್ನೇ ಬದಲಿಸೋದಾ?

‘ಗಿನಿಹಂದಿ’ ಇನ್ನೂ ಕೆಟ್ಟದ್ದು. ಅದು ಇಲಿ, ಅಳಿಲಿನ ಬಳಗದ್ದು. ಫ್ಲೂ ಕಥೆಯಲ್ಲಿ ನಿಜವಾದ ಹಂದಿಯೂ ಇದೆ, 2009ರ ಎಚ್1ಎನ್1 ಬಂದಾಗ ‘ಹಂದಿಜ್ವರ’ ಅಂತಲೇ ಎಲ್ಲರೂ ಕರೆದರು. ಓದುವವರಿಗೆ ಯಾವ ಹಂದಿ ಅಂತ ಗೊತ್ತಾಗಬೇಕಲ್ವಾ?

ಇನ್ನು ‘ಅಂಟುವಿಕೆ’. ಪ್ರಯೋಗ ಹೇಗೆ ಮಾಡುತ್ತಾರೆ ನೋಡಿ. ಒಂದು ಫೆರೆಟ್‌ಗೆ ವೈರಸ್ ಕೊಡುತ್ತಾರೆ. ಆರೋಗ್ಯವಾಗಿರುವ ಇನ್ನೊಂದನ್ನು ಅದೇ ಪಂಜರದಲ್ಲಿ ಬಿಡುತ್ತಾರೆ. ಮತ್ತೊಂದನ್ನು ಪಕ್ಕದ ಪಂಜರದಲ್ಲಿ ಇಡುತ್ತಾರೆ, ನಡುವೆ ತೂತುಗಳಿರುವ ಗೋಡೆ, ಗಾಳಿ ಹೋಗುತ್ತದೆ, ಮೈ ಮುಟ್ಟುವ ಹಾಗಿಲ್ಲ. ಪಕ್ಕದ ಪಂಜರದ್ದೂ ಕಾಯಿಲೆ ಬಿದ್ದರೆ ವೈರಸ್ ಗಾಳಿಯಲ್ಲಿ ದಾಟಿತು ಅಂತ ಅರ್ಥ. ರೋಗ ತಗಲುವುದು ಬೇರೆ, ದಾಟುವುದು ಬೇರೆ. ಹಕ್ಕಿಜ್ವರದ ಎಚ್5ಎನ್1 ಫೆರೆಟ್‌ಗೆ ತಗಲುತ್ತಿತ್ತು, ಗಾಳಿಯಲ್ಲಿ ದಾಟುತ್ತಿರಲಿಲ್ಲ. ನೆದರ್‌ಲ್ಯಾಂಡ್ಸ್‌ನ ರಾಟರ್‌ಡ್ಯಾಮ್‌ನಲ್ಲಿ ವಿಜ್ಞಾನಿ ಫೌಷಿಯೆ, ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ವಿಜ್ಞಾನಿ ಕವಾವೊಕಾ ಅದು ದಾಟುವಂತೆ ಮಾಡಿ ತೋರಿಸಿದರು ಅಂತಲೇ 2012ರಲ್ಲಿ ಅಷ್ಟು ದೊಡ್ಡ ಗಲಾಟೆ ಆದದ್ದು, ಅಂಥ ಸಂಶೋಧನೆಯನ್ನೇ ಸ್ವಲ್ಪ ಕಾಲ ನಿಲ್ಲಿಸಿದ್ದು. ಎರಡಕ್ಕೂ ‘ಅಂಟುವಿಕೆ’ ಅಂದುಬಿಟ್ಟರೆ ಈ ಗಲಾಟೆ ಯಾಕೆ ಆಯಿತು ಅಂತ ಕನ್ನಡದಲ್ಲಿ ಹೇಳುವುದಕ್ಕೇ ಆಗಲ್ಲ.

ಸೋಂಕು ಇರಲಿ. ‘ಗಾಳಿ ಸೋಕಿದೆ’ ಅಂತ ಹಳ್ಳಿಯಲ್ಲಿ ಹೇಳುವಾಗ ಯಾರು ಯಾರನ್ನು ಮುಟ್ಟಿರುತ್ತಾರೆ? ‘ಮಾದರಿ’ಯ ತೊಂದರೆ ಬೇರೆ. ಕೋವಿಡ್ ಕಾಲದಲ್ಲಿ ‘ಗಂಟಲು ದ್ರವದ ಮಾದರಿ’ ಅಂತ ದಿನಾ ಓದಿದ್ದೇವೆ. ‘ಪ್ರಾಣಿ ಮಾದರಿ’ ಅಂದರೆ ಪ್ರಾಣಿಯಿಂದ ತೆಗೆದ ಸ್ಯಾಂಪಲ್ ಅಂತಲೇ ತಿಳಿಯುತ್ತಾರೆ. ‘ಪ್ರಯೋಗದ ಪ್ರಾಣಿ’ ಅನ್ನಿ, ಸಾಕು.

ಉತ್ತರ:
ಸಾಲದು. ಕೋಳಿಗೆ ಹೊಸ ಮೇವು ಹಾಕಿ ನೋಡಿದರೆ ಅದೂ ಪ್ರಯೋಗದ ಪ್ರಾಣಿಯೇ. ಮನುಷ್ಯನ ಬದಲಿಗೆ ನಿಲ್ಲುವುದು ಅನ್ನುವ ಅರ್ಥ ಎಲ್ಲಿ ಬಂತು? ಫೆರೆಟ್ ಹೆಸರು ಒಪ್ಪಿದೆ, ಗಿನಿಪಿಗ್ಗೂ ಇರಲಿ. ಆದರೆ ಒಂದು ಸಲ ಬಾಗಿಲು ತೆಗೆದರೆ ಹಿಂದೆಯೇ ಮಾಡೆಲ್ಲು, ಟ್ರಾನ್ಸ್‌ಮಿಷನ್ನು ಎಲ್ಲ ಒಳಗೆ ಬರುತ್ತವೆ. ಆಮೇಲೆ ಕನ್ನಡದಲ್ಲಿ ಉಳಿಯೋದು ‘ಅನ್ನು’, ‘ಇಂದ’ ಮಾತ್ರ.

ಉತ್ತರ:
ಆ ‘ಅನ್ನು’, ‘ಇಂದ’ ಗಟ್ಟಿಯಾಗಿರುವುದರಿಂದಲೇ ಬಸ್ಸು, ವೈರಸ್ಸು ಎಲ್ಲ ಕನ್ನಡದವೇ ಆಗಿವೆ. ಪ್ರಾಣಿಯ ಹೆಸರು ಸಾಲ ತನ್ನಿ, ಕ್ರಿಯಾಪದ ತರಬೇಡಿ. ದಾಟು, ತಗಲು, ಸೀನು ನಮ್ಮಲ್ಲೇ ಇವೆ. ಆದರೆ ‘ಮನುಷ್ಯನ ಬದಲಿಗೆ’ ಅಂದಿರಲ್ಲ, ಆ ಮಾತು ಸರಿ ಇದೆ. ವಾಕ್ಯದಲ್ಲಿ ಅದನ್ನೇ ಹೇಳಲಿ, ನಾಮಪದ ಯಾಕೆ ಬೇಕು?

ಕೇಳಿದವರು:
ಇಬ್ಬರಿಗೂ ಧನ್ಯವಾದ. ಹೀಗೆ ಕಳಿಸುತ್ತಿದ್ದೇನೆ: ‘ಫ್ಲೂ ವೈರಸ್ ಒಬ್ಬರಿಂದ ಒಬ್ಬರಿಗೆ ಹೇಗೆ ದಾಟುತ್ತದೆ ಎಂದು ತಿಳಿಯಲು ಮನುಷ್ಯರ ಬದಲಿಗೆ ಫೆರೆಟ್ ಮತ್ತು ಗಿನಿಪಿಗ್‌ಗಳಲ್ಲಿ ಪ್ರಯೋಗ ಮಾಡುತ್ತಾರೆ.’ ‘ಒರೆಮಿಗ’ ಈ ಸಲಕ್ಕೆ ಬೇಡ ಸರ್. ಫಲಕದ ಮುಂದೆ ನಿಲ್ಲುವವರು ಆರನೇ ಕ್ಲಾಸಿನ ಮಕ್ಕಳು.