ಲೈನ್ ಮನೆಯಿಂದ ಮೈಸೂರಿನ ಆಸ್ಪತ್ರೆಗೆ: ಆರೋಗ್ಯ ಕಾರ್ಡ್ ಬಗ್ಗೆ ಸದಸ್ಯರ ಪ್ರಶ್ನೆಗಳು

ಪ್ರಶ್ನೆ (ಕೊಡಗಿನ ಸಿದ್ದಾಪುರದ ಕಡೆಯಿಂದ): ಮೇಡಂ, ನಮಸ್ಕಾರ. ನಾನು ಕಾಫಿ ತೋಟವೊಂದರಲ್ಲಿ ರೈಟರ್, ಅಂದರೆ ಲೆಕ್ಕಪತ್ರ ನೋಡುವವನು, ಆಗಿದ್ದೇನೆ. ತೋಟದ ಕಾರ್ಮಿಕರು ವಾಸಿಸುವ ನಮ್ಮ ಲೈನ್ ಮನೆಯಲ್ಲಿ ಹದಿನೈದು ವರ್ಷಗಳಿಂದ ಇರುವ ಯರವ ಗಿರಿಜನ ಕುಟುಂಬದ ಹೆಂಗಸೊಬ್ಬರಿಗೆ, ವಯಸ್ಸು ಐವತ್ತರ ಆಸುಪಾಸು, ಏರು ಹತ್ತಿದರೆ ಎದೆ ಹಿಡಿದುಕೊಳ್ಳುತ್ತದೆ. ಮಡಿಕೇರಿಯ ಜಿಲ್ಲಾ ಆಸ್ಪತ್ರೆಯಲ್ಲಿ ಪರೀಕ್ಷಿಸಿ, ಆಂಜಿಯೋಗ್ರಾಂ ಆಗಬೇಕು, ಮೈಸೂರಿಗೆ ಹೋಗಿ ಎಂದಿದ್ದಾರೆ. ಗಂಡನ ಬಿಪಿಎಲ್ ಕಾರ್ಡ್ ಇದೆ, ಆದರೆ ಅದರಲ್ಲಿ ಇವರ ಹೆಸರಿಲ್ಲ. ಅಲ್ಲಿಯ ಒಂದು ಖಾಸಗಿ ಆಸ್ಪತ್ರೆಗೆ ಫೋನ್ ಮಾಡಿದರೆ, ಐವತ್ತು ಸಾವಿರ ಅಡ್ವಾನ್ಸ್ ಕಟ್ಟಿ ಸೇರಿಸಿ, ಕಾರ್ಡ್ ಮಾಡಿಸಿ ತಂದ ಮೇಲೆ ಹಿಂದಿರುಗಿಸುತ್ತೇವೆ ಎನ್ನುತ್ತಾರೆ. ನಮ್ಮ ಮಾಲೀಕರು ಹಣ ಕೊಡಲು ಸಿದ್ಧರಿದ್ದಾರೆ. ಕಟ್ಟಬಹುದೇ?

ಉತ್ತರ: ನಮಸ್ಕಾರ. ಈಗಲೇ ಕಟ್ಟಬೇಡಿ. ಆಸ್ಪತ್ರೆಯ ಆರೋಗ್ಯಮಿತ್ರ ಕೌಂಟರಿನಲ್ಲಿ, ಅಂದರೆ ಯೋಜನೆಯ ರೋಗಿಗಳಿಗೆ ನೆರವಾಗುವ ಕೌಂಟರಿನಲ್ಲಿ, ಹಲವು ವರ್ಷ ಕುಳಿತವಳಾಗಿ ಹೇಳುತ್ತೇನೆ: ಈ ಯೋಜನೆಯಲ್ಲಿ ಜನ ಹಣ ಕಳೆದುಕೊಳ್ಳುವುದು ಅರ್ಹತೆ ಇಲ್ಲದ ಕಾರಣಕ್ಕಲ್ಲ, ಮೊದಲು ಕಟ್ಟಿ ಆಮೇಲೆ ಕೇಳುವ ಕಾರಣಕ್ಕೆ. ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ರೋಗಿಯ ಕೈಗೆ ಹಣ ಬರುವುದಿಲ್ಲ. ಚಿಕಿತ್ಸೆಗೆ ಮುಂಚೆ ಆಸ್ಪತ್ರೆಯವರು ಯೋಜನೆ ನಡೆಸುವ ಸರ್ಕಾರದ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟಿಗೆ ಆನ್‌ಲೈನಿನಲ್ಲಿ ಅನುಮತಿ ಕೇಳುತ್ತಾರೆ, ಒಪ್ಪಿಗೆ ಬಂದ ಮೇಲೆ ಚಿಕಿತ್ಸೆ ನಡೆಯುತ್ತದೆ, ಹಣ ಟ್ರಸ್ಟಿನಿಂದ ನೇರವಾಗಿ ಆಸ್ಪತ್ರೆಗೆ ಸಲ್ಲುತ್ತದೆ. ನೀವು ಕೈಯಿಂದ ಕಟ್ಟಿ ರಶೀದಿ ಹಿಡಿದು ಬಂದರೆ ಆ ರಶೀದಿಗೆ ಈ ಯೋಜನೆಯಲ್ಲಿ ಹಣ ಮರಳಿ ಸಿಗುವುದಿಲ್ಲ. "ಹಿಂದಿರುಗಿಸುತ್ತೇವೆ" ಎಂಬ ಮಾತನ್ನು ಫೋನಿನಲ್ಲಿ ಯಾರು ಬೇಕಾದರೂ ಹೇಳಬಹುದು. ಬರೆದು ಕೊಡಿ ಎಂದು ಕೇಳಿ ನೋಡಿ.

ಯೋಜನೆಯ ಲೆಕ್ಕ ಹೀಗಿದೆ. ರಾಜ್ಯದ ಆರೋಗ್ಯ ಕರ್ನಾಟಕ 2018ರ ಮಾರ್ಚಿನಲ್ಲಿ ಆರಂಭವಾಯಿತು, ಕೇಂದ್ರದ ಆಯುಷ್ಮಾನ್ ಭಾರತ್ ಅದೇ ವರ್ಷ ಸೆಪ್ಟೆಂಬರಿನಲ್ಲಿ ಬಂತು, ಅಕ್ಟೋಬರಿನಲ್ಲಿ ಎರಡನ್ನೂ ಒಂದಾಗಿಸಿದರು. ಬಿಪಿಎಲ್ ಅಥವಾ ಅಂತ್ಯೋದಯ ಕಾರ್ಡಿನ ಕುಟುಂಬಕ್ಕೆ ಎಲ್ಲರಿಗೂ ಸೇರಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಒಳರೋಗಿ ಚಿಕಿತ್ಸೆ ಉಚಿತ. ಎಪಿಎಲ್ ಕುಟುಂಬಕ್ಕೆ ಸರ್ಕಾರ ನಿಗದಿ ಮಾಡಿದ ಪ್ಯಾಕೇಜ್ ದರದ ಶೇ. 30 ಮಾತ್ರ, ಅದೂ ವರ್ಷಕ್ಕೆ 1.5 ಲಕ್ಷದ ಮಿತಿಯಲ್ಲಿ. ಪಡಿತರ ಚೀಟಿಯಲ್ಲಿ ಹೆಸರೇ ಇಲ್ಲದವರನ್ನು ಈ ಎರಡನೆಯ ಸಾಲಿಗೆ ಸೇರಿಸುತ್ತಾರೆ. ಹಾಗಾಗಿ ಗಂಡನ ಕಾರ್ಡ್ ಕೈಯಲ್ಲಿದ್ದರೂ ಆ ತಾಯಿ ಇವತ್ತಿನ ಲೆಕ್ಕದಲ್ಲಿ ಶೇ. 30ರ ರೋಗಿ. ಆರೋಗ್ಯ ಕಾರ್ಡ್ ಎಂಬ ಪ್ಲಾಸ್ಟಿಕ್ ತುಂಡಿನ ಹಿಂದೆ ಎಲ್ಲರೂ ಓಡುತ್ತಾರೆ, ಆದರೆ ನಿಜವಾದ ಕೀಲಿಕೈ ಪಡಿತರ ಚೀಟಿ.

ನೀವು ಮಾಡಬೇಕಾದದ್ದು ಎರಡು ಕೆಲಸ, ಎರಡನ್ನೂ ಒಟ್ಟಿಗೆ ಮಾಡಬಹುದು. ಮೊದಲನೆಯದು ಹೆಸರು ಸೇರಿಸುವುದು. ಆಧಾರ್ ಇದ್ದರೆ ಗ್ರಾಮ ಒನ್ ಕೇಂದ್ರದಲ್ಲಿ ಅರ್ಜಿ ಹಾಕಿಸಿ, ಅದರ ಪ್ರತಿ ಮತ್ತು ಮಡಿಕೇರಿಯ ವೈದ್ಯರು ಬರೆದ ಚೀಟಿ ಹಿಡಿದು ವಿರಾಜಪೇಟೆ ತಾಲ್ಲೂಕು ಕಚೇರಿಯ ಆಹಾರ ಶಾಖೆಗೆ ನೀವೇ ಹೋಗಿ. ಕಾಯಿಲೆಯ ಕಾರಣ ತೋರಿಸಿದ ಅರ್ಜಿಯನ್ನು ಮೊದಲು ಕೈಗೆತ್ತಿಕೊಳ್ಳುತ್ತಾರೆ. ಆ ಚೀಟಿ ಇಲ್ಲದೆ ಹೋದರೆ ನಿಮ್ಮ ಅರ್ಜಿ ನೂರರಲ್ಲಿ ನೂರೊಂದನೆಯದು. ವಿಳಾಸದ ಪುರಾವೆ ಕೇಳಿದರೆ ತೋಟದ ಲೆಟರ್‌ಹೆಡ್‌ನಲ್ಲಿ ಒಂದು ಪತ್ರ ಬೇಕಾಗಬಹುದು. ಲೈನ್ ಮನೆಯ ವಿಳಾಸ ಬರೆದುಕೊಟ್ಟರೆ ನಾಳೆ ಜಾಗದ ಹಕ್ಕು ಕೇಳಿಯಾರು ಎಂದು ಹಿಂಜರಿಯುವ ಮಾಲೀಕರನ್ನು ಬೇಕಾದಷ್ಟು ನೋಡಿದ್ದೇನೆ. ನಿಮ್ಮ ಮಾಲೀಕರು ಐವತ್ತು ಸಾವಿರ ಕೊಡಲು ಸಿದ್ಧರಿರುವವರು, ಒಂದು ಪತ್ರಕ್ಕೆ ಹಿಂಜರಿಯಲಾರರು ಎಂದುಕೊಳ್ಳುತ್ತೇನೆ. ಅಲ್ಲಿಯೂ ತಡವಾದರೆ ಮಡಿಕೇರಿಯ ಐಟಿಡಿಪಿ (ಸಮಗ್ರ ಗಿರಿಜನ ಅಭಿವೃದ್ಧಿ ಯೋಜನೆ) ಕಚೇರಿಗೆ ತಿಳಿಸಿ. ಗಿರಿಜನ ಕುಟುಂಬಗಳ ಕಾಗದಪತ್ರದ ತೊಡಕು ಅವರಿಗೆ ಹೊಸದಲ್ಲ.

ಎರಡನೆಯದು ರೆಫರಲ್ ಪತ್ರ. "ಮೈಸೂರಿಗೆ ಹೋಗಿ" ಎಂದು ಬಾಯಿಮಾತಿನಲ್ಲಿ ಹೇಳಿದ್ದು ರೆಫರಲ್ ಅಲ್ಲ, ಒಪಿಡಿ ಚೀಟಿಯ ಹಿಂಬದಿಯಲ್ಲಿ ಗೀಚಿದ್ದೂ ಅಲ್ಲ. ರೋಗಿಯನ್ನು ಯೋಜನೆಯಲ್ಲಿ ನೋಂದಾಯಿಸಿ, ಈ ಚಿಕಿತ್ಸೆ ನಮ್ಮಲ್ಲಿ ಲಭ್ಯವಿಲ್ಲ ಎಂದು ಸರ್ಕಾರಿ ಆಸ್ಪತ್ರೆಯವರು ಕೊಡುವ ಪತ್ರ ಬೇಕು. ಅದು ಕೈಯಲ್ಲಿದ್ದರೆ ಯೋಜನೆಗೆ ಒಳಪಟ್ಟ ಯಾವ ಆಸ್ಪತ್ರೆಗೆ ಹೋಗಬೇಕು ಎಂಬ ಆಯ್ಕೆ ರೋಗಿಯದು. ಹೃದಯದ ವಿಷಯವಾದ್ದರಿಂದ ಮೈಸೂರಿನ ಜಯದೇವ ಸಂಸ್ಥೆಯನ್ನೇ ಮೊದಲು ಕೇಳಿ ಎನ್ನುತ್ತೇನೆ. ಅದು ಸರ್ಕಾರದ ಸ್ವಾಯತ್ತ ಸಂಸ್ಥೆ, ಅಡ್ವಾನ್ಸಿನ ಮಾತಿಗೆ ಅಲ್ಲಿ ಅಷ್ಟು ಎಡೆಯಿಲ್ಲ.

ಈ ನಡುವೆ ನೋವು ಜೋರಾಗಿ, ಬೆವರು ಕಿತ್ತು, ಉಸಿರು ಕಟ್ಟಿದರೆ ಮೇಲೆ ಬರೆದುದೆಲ್ಲವನ್ನೂ ಬದಿಗಿಟ್ಟು 108ಕ್ಕೆ ಕರೆ ಮಾಡಿ. ಹೃದಯಾಘಾತದಂತಹ ತುರ್ತು ಚಿಕಿತ್ಸೆಗೆ ರೆಫರಲ್ ಬೇಕಿಲ್ಲ, ನೋಂದಾಯಿತ ಆಸ್ಪತ್ರೆಗೆ ನೇರವಾಗಿ ಹೋಗಬಹುದು. ಕಾಗದಗಳನ್ನು ಮನೆಯವರು ಹಿಂದಿನಿಂದ ತಂದುಕೊಡಲಿ, ಆದರೆ ಡಿಸ್‌ಚಾರ್ಜ್ ಆಗುವುದಕ್ಕೆ ಮುಂಚೆ.

ಮಾಲೀಕರ ಹಣದ ಬಗ್ಗೆ ಇನ್ನೊಂದು ಮಾತು. ಯೋಜನೆ ಆಸ್ಪತ್ರೆಯ ಖರ್ಚನ್ನು ನೋಡಿಕೊಳ್ಳುತ್ತದೆ, ಮನೆಯ ಖರ್ಚನ್ನಲ್ಲ. ಮೈಸೂರಿಗೆ ಹೋಗಿ ಬರುವ ಬಾಡಿಗೆ, ಜೊತೆಗಿರುವವರ ಊಟ, ಗಂಡ ಹೆಂಡತಿ ಇಬ್ಬರ ಹತ್ತು ದಿನದ ಕೂಲಿ, ಇವುಗಳಿಗೇ ಹೆದರಿ ರೆಫರಲ್ ಪತ್ರವನ್ನು ಮಡಿಸಿ ಸೂರಿನ ಸಂದಿಯಲ್ಲಿಟ್ಟು ಸುಮ್ಮನಾದವರಿದ್ದಾರೆ. ಆ ಹಣ ಅಲ್ಲಿಗೆ ಒದಗಲಿ. ಕಾರ್ಮಿಕರಿಗೆ ವೈದ್ಯಕೀಯ ಸೌಲಭ್ಯ ಒದಗಿಸುವುದು 1951ರ ಪ್ಲಾಂಟೇಷನ್ ಕಾರ್ಮಿಕರ ಕಾಯ್ದೆಯ ಕಾಲದಿಂದಲೂ ದೊಡ್ಡ ತೋಟಗಳ ಹೊಣೆಯೇ ಆಗಿದೆ. ಆದ್ದರಿಂದ ಅದನ್ನು ದಾನ ಎಂದು ತಿಳಿಯಬೇಕಾಗಿಲ್ಲ.

ಪ್ರಶ್ನೆ (ಅದೇ ಸದಸ್ಯರು): ತುಂಬಾ ಉಪಕಾರವಾಯಿತು ಮೇಡಂ. ಹಾಗೆಯೇ ಇನ್ನೊಂದು. ಅಸ್ಸಾಮಿನಿಂದ ಬಂದ ಎಂಟು ಜನ ನಮ್ಮಲ್ಲಿ ಕೆಲಸಕ್ಕಿದ್ದಾರೆ. ಅವರಿಗೂ ಇಲ್ಲಿ ಕಾರ್ಡ್ ಮಾಡಿಸಬಹುದೇ?

ಉತ್ತರ: ಇಲ್ಲಿಯ ಪಡಿತರ ಚೀಟಿ ಇಲ್ಲದೆ ಬಿಪಿಎಲ್ ಕುಟುಂಬಕ್ಕೆ ರಾಜ್ಯ ಕೊಡುವ 5 ಲಕ್ಷದ ಸೌಲಭ್ಯ ಸಿಗುವುದಿಲ್ಲ. ಆದರೆ ಅವರ ಊರಿನಲ್ಲೇ ಆಯುಷ್ಮಾನ್ ಕಾರ್ಡ್ ಆಗಿದ್ದರೆ ಅದು ಇಲ್ಲಿಯ ನೋಂದಾಯಿತ ಆಸ್ಪತ್ರೆಯಲ್ಲಿಯೂ ನಡೆಯುತ್ತದೆ. ಎಷ್ಟೋ ಜನರಿಗೆ ತಮ್ಮ ಹೆಸರು ಪಟ್ಟಿಯಲ್ಲಿರುವುದೇ ಗೊತ್ತಿರುವುದಿಲ್ಲ. 14555ಕ್ಕೆ ಅವರ ಭಾಷೆ ಬಲ್ಲವರಿಂದಲೇ ಕರೆ ಮಾಡಿಸಿ ಕೇಳಿಸಿ. ಕಾರ್ಡ್ ಇಲ್ಲದಿದ್ದರೂ ಸರ್ಕಾರಿ ಆಸ್ಪತ್ರೆಯ ಬಾಗಿಲು ಅವರಿಗೆ ಮುಚ್ಚಿಲ್ಲ.

ಪ್ರಶ್ನೆ (ನಾಪೋಕ್ಲು): ನಮಸ್ಕಾರ ಅಕ್ಕ. ನಮ್ಮದು ಮೂರು ಎಕರೆ ಕಾಫಿ, ಸ್ವಲ್ಪ ಗದ್ದೆ. ಎಪಿಎಲ್ ಕಾರ್ಡ್. ಕಳೆದ ವಾರ ಕಣದಲ್ಲಿ ಕಾಲು ಜಾರಿ ಅಮ್ಮನ ಸೊಂಟದ ಮೂಳೆ ಮುರಿದಿದೆ, ಅವರಿಗೆ ಅರವತ್ತನಾಲ್ಕು ವರ್ಷ. ಬಿಪಿಎಲ್‌ಗೆ ಬದಲಾಯಿಸಿಕೊಳ್ಳಿ ಎಂದು ಒಬ್ಬರು, ಈಗಲೇ ಯಶಸ್ವಿನಿ ಮಾಡಿಸಿ ಎಂದು ಇನ್ನೊಬ್ಬರು ಹೇಳುತ್ತಿದ್ದಾರೆ. ಯಾವುದು ಸರಿ?

ಉತ್ತರ: ಈ ಶಸ್ತ್ರಚಿಕಿತ್ಸೆಯ ಮಟ್ಟಿಗೆ ಎರಡೂ ಅಲ್ಲ, ತಮ್ಮ. ಯಶಸ್ವಿನಿಯನ್ನು ಹುಷಾರಾಗಿರುವಾಗ ಮಾಡಿಸಿಟ್ಟುಕೊಳ್ಳಬೇಕು. 2003ರಲ್ಲಿ ಸಹಕಾರ ಸಂಘಗಳ ಸದಸ್ಯರಿಗಾಗಿ ಆರಂಭವಾದ ಈ ಯೋಜನೆಯನ್ನು 2018ರಲ್ಲಿ ಆರೋಗ್ಯ ಕರ್ನಾಟಕದಲ್ಲಿ ಸೇರಿಸಿದ್ದರು, ರೈತರ ಒತ್ತಾಯದ ಮೇಲೆ ಸರ್ಕಾರ 2022ರಲ್ಲಿ ಮತ್ತೆ ತಂದಿತು. ಮರಳಿ ಬಂದಾಗ ನಿಗದಿಯಾದ ವಂತಿಗೆ ಗ್ರಾಮಾಂತರದ ನಾಲ್ಕು ಜನರ ಕುಟುಂಬಕ್ಕೆ ವರ್ಷಕ್ಕೆ 500 ರೂಪಾಯಿ, ಅದಕ್ಕಿಂತ ಹೆಚ್ಚಿನ ಪ್ರತಿಯೊಬ್ಬರಿಗೆ 100. ರಕ್ಷಣೆ ಕುಟುಂಬಕ್ಕೆ 5 ಲಕ್ಷ. ಪರಿಶಿಷ್ಟ ಜಾತಿ ಮತ್ತು ಪಂಗಡದ ಸದಸ್ಯರ ವಂತಿಗೆಯನ್ನು ಸರ್ಕಾರವೇ ಭರಿಸುತ್ತದೆ. ಕೊಡಗಿನಲ್ಲಿ ಕೃಷಿ ಪತ್ತಿನ ಸಹಕಾರ ಸಂಘವಿಲ್ಲದ ಊರನ್ನು ಹುಡುಕಬೇಕು, ಗೊಬ್ಬರಕ್ಕೂ ಸಾಲಕ್ಕೂ ನಾವೆಲ್ಲ ಅಲ್ಲಿಗೇ ಹೋಗುತ್ತೇವೆ. ಆದರೆ ನೋಂದಣಿಯ ದಿನಗಳಲ್ಲಿ ಕಾಫಿ ಕೊಯ್ಲು, ಮೆಣಸು ಕೊಯ್ಲು ಎಂದು ಆ ಐನೂರು ರೂಪಾಯಿಯ ಕೆಲಸ ಮುಂದಕ್ಕೆ ಹೋಗುತ್ತದೆ. ನೋಂದಣಿ ವರ್ಷವಿಡೀ ತೆರೆದಿರುವುದಿಲ್ಲ. ನಿಮ್ಮ ಸಂಘದ ಕಾರ್ಯದರ್ಶಿಯನ್ನು ಈಗಲೇ ಕೇಳಿ, ಮುಂದಿನ ಸಾಲಿಗೆ ಅಮ್ಮನ ಹೆಸರನ್ನೂ ಸೇರಿಸಿ ಬರೆಸಿ.

ಬಿಪಿಎಲ್ ಬಗ್ಗೆ: ಇಲ್ಲದ ಆದಾಯ ತೋರಿಸುವುದು ಎಷ್ಟು ತಪ್ಪೋ, ಇರುವುದನ್ನು ಮುಚ್ಚುವುದೂ ಅಷ್ಟೇ ತಪ್ಪು. 2024ರ ನವೆಂಬರಿನಲ್ಲಿ ಕಾರ್ಡ್ ರದ್ದತಿಯ ಗದ್ದಲ ಎದ್ದಾಗ ಆಸ್ಪತ್ರೆಗಳಲ್ಲಿದ್ದ ರೋಗಿಗಳ ಮನೆಯವರು ಎಷ್ಟು ಕಂಗಾಲಾಗಿದ್ದರು ಎಂಬುದನ್ನು ಕಂಡಿದ್ದೇನೆ. ಆದರೆ ನಮ್ಮ ಜಿಲ್ಲೆಯದು ಇನ್ನೊಂದು ಸಂಕಟವೂ ಇದೆ. ಜಮ್ಮಾ ಭೂಮಿಯ, ಅಂದರೆ ವಂಶಪಾರಂಪರ್ಯವಾಗಿ ಬಂದ ಭೂಮಿಯ, ಪಹಣಿಯಲ್ಲಿ ಒಕ್ಕದ (ಕೊಡವ ಮನೆತನದ) ಹಲವರ ಹೆಸರು ಒಟ್ಟಿಗೆ ಇರುವುದರಿಂದ ಕಾಗದದಲ್ಲಿ ದೊಡ್ಡ ಹಿಡುವಳಿ ಕಾಣುತ್ತದೆ, ಕೈಗೆ ಬರುವುದು ಒಂದು ಪಾಲು ಮಾತ್ರ. ನಿಮ್ಮ ಕಾರ್ಡ್ ಎಪಿಎಲ್ ಆಗಿರುವುದು ಆ ಕಾರಣಕ್ಕಾದರೆ ಗ್ರಾಮ ಆಡಳಿತಾಧಿಕಾರಿಯಿಂದ (ಹಿಂದಿನ ಗ್ರಾಮ ಲೆಕ್ಕಾಧಿಕಾರಿ) ನಿಜವಾದ ಸ್ವಾಧೀನದ ವರದಿ ಪಡೆದು ಅರ್ಜಿ ಹಾಕುವುದು ನ್ಯಾಯವೇ, ಆದರೆ ಅದಕ್ಕೆ ತಿಂಗಳುಗಳು ಬೇಕು. ಮುರಿದ ಸೊಂಟ ಕಾಯುವುದಿಲ್ಲ.

ಆದ್ದರಿಂದ ಈಗ ಮಡಿಕೇರಿಯ ವೈದ್ಯಕೀಯ ಕಾಲೇಜು ಆಸ್ಪತ್ರೆಯ ಮೂಳೆ ವಿಭಾಗಕ್ಕೆ ಕರೆದೊಯ್ಯಿರಿ. ಎಪಿಎಲ್ ಆದರೂ ಅಲ್ಲಿಯ ದರ ಖಾಸಗಿಯದರ ಹತ್ತಿರವೂ ಬರುವುದಿಲ್ಲ. ಅಲ್ಲಿ ಆಗದು ಎಂದರೆ ಪತ್ರ ಪಡೆದೇ ಮುಂದಕ್ಕೆ ಹೊರಡಿ. ಪ್ಯಾಕೇಜ್ ದರ ಒಂದು ಲಕ್ಷ ಎಂದಿಟ್ಟುಕೊಂಡರೆ ಸರ್ಕಾರದಿಂದ ಮೂವತ್ತು ಸಾವಿರ ಬರುತ್ತದೆ, ಎಪ್ಪತ್ತು ಸಾವಿರ ನಿಮ್ಮದು. ಖಾಸಗಿ ಆಸ್ಪತ್ರೆಯವರು ತಮ್ಮ ಬಿಲ್ ಎರಡು ಲಕ್ಷವಾದರೂ ಮೂವತ್ತರ ಲೆಕ್ಕವನ್ನು ಪ್ಯಾಕೇಜಿನ ಮೇಲೆಯೇ ಹಾಕುತ್ತಾರೆ ಎಂಬುದನ್ನು ಸೇರಿಸುವ ಮೊದಲೇ ಕೇಳಿ ತಿಳಿದುಕೊಳ್ಳಿ.

ಪ್ರಶ್ನೆ (ಕುಟ್ಟ): ಮೇಡಂ, ನಮಗೆ ಮಡಿಕೇರಿಗಿಂತ ಕೇರಳದ ಮಾನಂದವಾಡಿ ಹತ್ತಿರ. ಅಲ್ಲಿ ನಮ್ಮ ಕಾರ್ಡ್ ನಡೆಯುತ್ತದೆಯೇ?

ಉತ್ತರ: ಕೆಲವರದು ನಡೆಯುತ್ತದೆ, ಕೆಲವರದು ಇಲ್ಲ. ಒಂದೇ ಓಣಿಯ ಎರಡು ಮನೆಗೆ ಎರಡು ಉತ್ತರ ಸಿಗುವುದು ಇದೇ ಕಾರಣಕ್ಕೆ. 2011ರ ಸಾಮಾಜಿಕ ಆರ್ಥಿಕ ಜಾತಿ ಗಣತಿಯ ಪಟ್ಟಿಯಲ್ಲಿದ್ದ ಕುಟುಂಬಗಳಿಗೆ ಕೇಂದ್ರವೂ ಪಾಲು ಕೊಡುತ್ತದೆ, ಅವರ ಕಾರ್ಡ್ ರಾಜ್ಯದ ಗಡಿ ದಾಟಿದರೂ ನಡೆಯುತ್ತದೆ. ಆ ಪಟ್ಟಿಯಲ್ಲಿಲ್ಲದ ಬಿಪಿಎಲ್ ಕುಟುಂಬಗಳ ವೆಚ್ಚವನ್ನು ಕರ್ನಾಟಕವೇ ಭರಿಸುವುದರಿಂದ ಅವರದು ಕೇರಳದ ಗಡಿಯ ತೋಲ್ಪೆಟ್ಟಿ ಗೇಟಿನ ಈಚೆಗೆ ಮಾತ್ರ. ನೋಡಲು ಕಾರ್ಡ್ ಒಂದೇ ತೆರನಾಗಿರುತ್ತದೆ. ಯಾವ ಪಟ್ಟಿ ಎಂಬುದನ್ನು ಮಳೆಗಾಲಕ್ಕೆ ಮುಂಚೆಯೇ 14555ರಲ್ಲಿ ಕೇಳಿ ಇಟ್ಟುಕೊಳ್ಳಿ. ಹಾವು ಕಚ್ಚಿದಾಗಲೋ ಆನೆ ಎತ್ತಿ ಹಾಕಿದಾಗಲೋ ಇದನ್ನು ಯೋಚಿಸಬೇಡಿ, ಹತ್ತಿರದ ಸರ್ಕಾರಿ ಆಸ್ಪತ್ರೆ ಯಾವ ರಾಜ್ಯದ್ದಾದರೂ ಸರಿ. ಸರ್ಕಾರಿ ಆಸ್ಪತ್ರೆಗೆ ಮೊದಲು ಹೋಗಬೇಕೆಂಬ ನಿಯಮವನ್ನು ನಾನು ಒಪ್ಪುತ್ತೇನೆ, ಇಲ್ಲವಾದರೆ ಹಣವೆಲ್ಲ ಖಾಸಗಿಗೇ ಹರಿದೀತು. ಆದರೆ ತಜ್ಞರಿಗಾಗಿ ಕುಟ್ಟದಿಂದ ಮಡಿಕೇರಿಗೆ ಹತ್ತಿ, ಪತ್ರ ಹಿಡಿದು ಮತ್ತೆ ಮೈಸೂರಿಗೆ ಇಳಿಯುವವರ ಪಾಡು ನಿಯಮ ಬರೆದವರಿಗೆ ಕಂಡಿರಲಾರದು.

ಪ್ರಶ್ನೆ (ಸಿದ್ದಾಪುರದ ಸದಸ್ಯರು, ಇಪ್ಪತ್ತಾರು ದಿನಗಳ ನಂತರ): ಮೇಡಂ, ಹೆಸರು ಸೇರಿತು, ಪತ್ರವೂ ಸಿಕ್ಕಿತು, ಮೈಸೂರಿನಲ್ಲಿ ಒಂದು ಸ್ಟೆಂಟ್ ಹಾಕಿ ಕಳಿಸಿದ್ದಾರೆ. ಅಡ್ವಾನ್ಸ್ ಕಟ್ಟಲಿಲ್ಲ. ಕೌಂಟರಿನಲ್ಲಿ ಮಾತ್ರ ಅವರ ಹೆಬ್ಬೆರಳು ಯಂತ್ರಕ್ಕೆ ಹತ್ತಲೇ ಇಲ್ಲ, ಅರ್ಧ ದಿನ ಹೋಯಿತು. ಈಗ ಕೊಟ್ಟ ಮಾತ್ರೆ ಮುಗಿಯುತ್ತಾ ಬಂದಿದೆ, ಮತ್ತೆ ಮೈಸೂರಿಗೇ ಹೋಗಬೇಕೇ?

ಉತ್ತರ: ಓದಿ ಸಮಾಧಾನವಾಯಿತು. ಹೆಬ್ಬೆರಳಿನ ಕಥೆ ನಮ್ಮ ಕೌಂಟರಿನದೂ ಹೌದು. ಮೂವತ್ತು ವರ್ಷ ಕಾಫಿ ಕೊಯ್ದ ಬೆರಳಿನಲ್ಲಿ ಗೆರೆ ಎಲ್ಲಿ ಉಳಿದಿರುತ್ತದೆ? ಒದ್ದೆ ಬಟ್ಟೆಯಲ್ಲಿ ಒರೆಸಿ, ತಲೆಗೆ ಹಾಕುವ ಎಣ್ಣೆಯ ಒಂದು ಹನಿ ಸವರಿ, ಹತ್ತು ಬೆರಳನ್ನೂ ಒತ್ತಿಸಿ ನೋಡುತ್ತಿದ್ದೆವು. ಮುಂದಿನ ಸಲ ಹೀಗಾದರೆ ಕಣ್ಣಿನ ಪಾಪೆ ಅಥವಾ ಮುಖದ ಗುರುತಿನಲ್ಲಿ ಮಾಡಿ ಎಂದು ಕೇಳಿ, ಅದಕ್ಕೆ ಅವಕಾಶವಿದೆ. ಆಧಾರಿಗೆ ಅವರ ಮನೆಯ ಮೊಬೈಲ್ ಸಂಖ್ಯೆ ಜೋಡಿಸಿದರೆ ಒಟಿಪಿಯಲ್ಲೇ ಮುಗಿಯುತ್ತದೆ. ತೋಟದ ಕಚೇರಿಯ ಸಂಖ್ಯೆ ಜೋಡಿಸಬೇಡಿ, ಭಾನುವಾರ ನೀವು ಸಂತೆಯಲ್ಲಿರುತ್ತೀರಿ.

ಪ್ಯಾಕೇಜಿನಲ್ಲಿ ಡಿಸ್‌ಚಾರ್ಜ್ ಆದ ಮೇಲಿನ ಹದಿನೈದು ದಿನಗಳ ಔಷಧಿ ಸೇರಿರುತ್ತದೆ, ಅಲ್ಲಿಂದ ಮುಂದೆ ಹೊರರೋಗಿಯ ಲೆಕ್ಕ, ಯೋಜನೆಯಲ್ಲಿ ಬರುವುದಿಲ್ಲ. ಮಾತ್ರೆಗಾಗಿ ಮೈಸೂರಿಗೆ ಹೋಗಬೇಕಾಗಿಲ್ಲ. ಡಿಸ್‌ಚಾರ್ಜ್ ಸಮರಿಯ ಜೆರಾಕ್ಸ್ ಹಿಡಿದು ನಿಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ. ಬಿಪಿ, ಸಕ್ಕರೆ ಮತ್ತು ಹೃದಯದ ಮಾತ್ರೆಗಳಲ್ಲಿ ಸಿಗುವಷ್ಟು ಅಲ್ಲಿ ಪಡೆದು, ಸಿಗದ್ದನ್ನು ಜನೌಷಧಿ ಅಂಗಡಿಯಲ್ಲಿ ತೆಗೆದುಕೊಳ್ಳಿ. ರಕ್ತ ತೆಳುವಾಗಿಸುವ ಎರಡು ಮಾತ್ರೆಗಳನ್ನು ಮಾತ್ರ ಒಂದು ದಿನವೂ ತಪ್ಪಿಸುವಂತಿಲ್ಲ, ಎದೆನೋವು ಹೋಯಿತಲ್ಲ ಎಂದು ಅವರೇ ನಿಲ್ಲಿಸಿಬಿಟ್ಟರೆ ಸ್ಟೆಂಟಿನೊಳಗೆ ರಕ್ತ ಹೆಪ್ಪುಗಟ್ಟಬಹುದು. ಅವರಿಗೆ ಓದು ಬಾರದಿದ್ದರೆ ಆ ಎರಡು ಶೀಟಿನ ಮೇಲೆ ಕೆಂಪು ದಾರ ಸುತ್ತಿ ಕೊಡಿ. ಮೂಲ ಸಮರಿ ಮತ್ತು ಆಂಜಿಯೋಗ್ರಾಂ ಸಿಡಿಯನ್ನು ಲೈನ್ ಮನೆಯಲ್ಲಿ ಬಿಡದೆ, ನೀರು ತಾಗದಂತೆ ಕಟ್ಟಿ, ತೋಟದ ಕಚೇರಿಯ ಬೀರುವಿನಲ್ಲಿಡಿ. 2018ರ ಆಗಸ್ಟಿನಲ್ಲಿ ಗುಡ್ಡ ಜರಿದಾಗ ನಮ್ಮ ಕೌಂಟರಿಗೆ ಬಂದವರ ಕೈಯಲ್ಲಿ ಒಂದು ತುಂಡು ಕಾಗದವೂ ಉಳಿದಿರಲಿಲ್ಲ.